ಕಣ್ಣಿನ ಮುನ್ಸೂಚನೆ

ಮಂದದೃಷ್ಟಿಯ ಬಾಲಕನಿಗೆ ತನ್ನ ಕೊರತೆ ತಾನಾಗಿ ತಿಳಿಯದು. ತನಗೆ ಕಂಡಷ್ಟೇ ಜಗತ್ತೆಂದು ಅವನು ನಂಬಿರುತ್ತಾನೆ. ಪುಸ್ತಕವನ್ನು ಮುಖದ ಬಳಿ ಹಿಡಿದು ಓದುವುದು, ಕಪ್ಪುಹಲಗೆಯನ್ನು ಕಣ್ಣು ಕಿರಿದುಮಾಡಿ ನೋಡುವುದು, ಪದೇ ಪದೇ ತಲೆನೋಯುವುದು ಇದರ ಮುನ್ಸೂಚನೆಗಳು.

ವೃದ್ಧರಿಗೆ ನೋಟ ಮಬ್ಬಾದರೆ ಅದು ಪೊರೆಯ ಸೂಚನೆಯಾಗಿರಬಹುದು. ಕೊಪ್ಪಳಕ್ಕೆ ನೆರೆಯ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನೇತ್ರಶಿಬಿರ ನಡೆಸಿ ಲಕ್ಷಾಂತರ ಜನರಿಗೆ ಬೆಳಕನ್ನಿತ್ತರು. 1968ರಲ್ಲಿ ಪದ್ಮಭೂಷಣ ಪಡೆದರು.

ಗಂಗಾವತಿಯ ಗದ್ದೆಯ ಬದುವಿನಲ್ಲಾಗಲಿ, ಕುಷ್ಟಗಿ, ಯಲಬುರ್ಗಾಗಳ ಜೋಳದ ಹೊಲದ ದಾರಿಯಲ್ಲಾಗಲಿ ಮುಸ್ಸಂಜೆಯಲ್ಲಿ ಎಡವುವ ಮಗುವಿಗೆ ಇರುಳುಗುರುಡು ಇರಬಹುದು. ‘ಎ’ ಜೀವಸತ್ತ್ವದ ಕೊರತೆಯಿಂದ ಬಂದ ಇರುಳುಗುರುಡು ಸಕಾಲದ ಔಷಧಿಯಿಂದಲೂ ನುಗ್ಗೆಸೊಪ್ಪಿನಂತಹ ಆಹಾರದಿಂದಲೂ ಗುಣವಾಗುತ್ತದೆ. ಅಲಕ್ಷಿಸಿ ಕಣ್ಣಗುಡ್ಡೆಯೇ ಹುಣ್ಣಾದರೆ ಹೋದ ನೋಟ ಮರಳುವುದು ದುರ್ಲಭ. ಆದುದರಿಂದ ಎಡವಿದ ಮಗುವನ್ನು ಗದರಿಸುವ ಮೊದಲು ಅದರ ಕಣ್ಣನ್ನು ಪರೀಕ್ಷಿಸಬೇಕು.