ಹತ್ತನೆಯದಕ್ಕೆ ಜಾಗವಿಲ್ಲ

ಜುಲೈ 8, 2024. ಸೋಮವಾರ

ಮೇಷ್ಟ್ರ ಶಾಸನ ಪುಸ್ತಕ ಶುರು. ಅರಸೀಕೆರೆ ಸುತ್ತಿನ ಕಲ್ಲುಗಳು. ಪ್ರತಿ ಶಾಸನದ ನೆತ್ತಿಗೆ ಇಷ್ಟು ಬೇಕಂತೆ: ಕ್ರಮಸಂಖ್ಯೆ, ಊರು, ಕಲ್ಲಿರುವ ಜಾಗ, ರಾಜ, ಶಕ, ಸಂವತ್ಸರ, ಮಾಸ, ತಿಥಿ, ವಾರ, ದಾನಿ. ಒಂದೊಂದನ್ನೂ ಕೈಯಲ್ಲಿ ಹೊಂದಿಸುತ್ತ ಕೂತರೆ ದೀಪಾವಳಿ ಬರುತ್ತೆ. ಪುಟ ಜೋಡಿಸುವ ಲೇಟೆಕ್‌ನಲ್ಲಿ ‘ಶಾಸನ’ ಅಂತ ಒಂದು ಮ್ಯಾಕ್ರೊ ಬರೆದಿಟ್ಟೆ.

ಮಂಗಳವಾರ, ರಾತ್ರಿ 11

ಏಳನೇ ಶಾಸನದ ದಾನಿಯ ಹೆಸರು ‘70’ ಎಂದು ಅಚ್ಚಾಗಿದೆ. ಆರನೆಯದರಲ್ಲಿ ‘60’. ನಿಜವಾದ ದಾನಿ ಕೆಳಗೆಲ್ಲೋ ಅನಾಥನಾಗಿ ಬಿದ್ದಿದ್ದಾನೆ. ಎರರ್ ಒಂದೂ ಇಲ್ಲ. ಅದೇ ಹೆದರಿಕೆ.

ಜುಲೈ 10

ಬೆಳಗಿನ ಜಾವ ಹೊಳೆಯಿತು. ದಾನಿಗೆ #10 ಅಂತ ಬರೆದಿದ್ದೆ. #10 ಅಂದರೆ ಲೇಟೆಕ್‌ನ ಒಳಗಿರುವ ಟೆಕ್‌ಗೆ ಹತ್ತನೆಯದಲ್ಲ. ಒಂದನೆಯದು, ಪಕ್ಕದಲ್ಲೊಂದು ಸೊನ್ನೆ. ಹ್ಯಾಶ್ ಮುಂದೆ ಒಂದೇ ಅಂಕಿ, 1ರಿಂದ 9. ಟೆಕ್ ಬರೆದ ಕನೂತ್ ಹಾಕಿದ ಬೇಲಿ. ಮೇಷ್ಟ್ರಿಗೆ ಫೋನ್ ಮಾಡಿ, “ಸಾರ್, ವಾರ ಬಿಡಬಹುದಾ?” ಅಂದೆ. “ಕಲ್ಲಲ್ಲಿ ಕೆತ್ತಿರೋದನ್ನ ಬಿಡೋಕೆ ನೀನ್ಯಾರಪ್ಪ?” ಅಂದರು.

ಸರಿಯೇ. ಆದರೂ ಸಿಟ್ಟು ಬಂತು. ಸಂವತ್ಸರವೂ ಕ್ರೋಧಿ.

ಜುಲೈ 11

ತೇದಿಯ ಐದನ್ನೂ ಒಂದೇ ಗಂಟು ಕಟ್ಟಿದೆ. ಹೊರಗಿನ ಮ್ಯಾಕ್ರೊಗೆ ಅದು ಒಂದೇ ಆರ್ಗ್ಯುಮೆಂಟು. ಒಳಗೆ ‘ತೇದಿ’ ಎಂಬ ಇನ್ನೊಂದು ಮ್ಯಾಕ್ರೊ ಅಲ್ಪವಿರಾಮ ಕಂಡಲ್ಲಿ ಬಿಡಿಸಿಕೊಳ್ಳುತ್ತೆ. ತಿಥಿ ಸವೆದು ಹೋಗಿದ್ದರೆ ಎರಡು ಅಲ್ಪವಿರಾಮ ಒತ್ತಾಗಿ. ಅರಸೀಕೆರೆ ಈಶ್ವರ ಗುಡಿಯ ಕಾಲ, 1220, ಹಾಕಿ ನೋಡಿದೆ: ಶಕ 1142, ವಿಕ್ರಮ. ಕೂತಿತು. ಹತ್ತಿದ್ದದ್ದು ಆರಾಯಿತು.

ಹೆಸರು ಹೇಳಿ ಕೊಡುವ ಕೀವ್ಯಾಲ್ ದಾರಿಯೇ ಸರಿ ಇತ್ತೇನೋ. ರಾಜ ಇಂಥವನು, ಊರು ಇಂಥದು ಅಂತ. ಒಂದು ಕಂಸ ಮರೆತರೆ ಊರಿನ ಜಾಗದಲ್ಲಿ ರಾಜ ಬಂದು ಕೂರುವುದು ತಪ್ಪುತ್ತಿತ್ತು. ಆದರೆ ಟೈಪು ಮಾಡಿದ್ದನ್ನೆಲ್ಲ ತಿದ್ದಬೇಕಲ್ಲ. ಸೋಮಾರಿತನವೋ ಜಾಣತನವೋ, ಗೊತ್ತಿಲ್ಲ.

ಶನಿವಾರ

ಹೊಸ ತಲೆನೋವು. ಕಲ್ಲಿನ ಸಾಲು ಹೇಗಿದೆಯೋ ಪುಟದಲ್ಲೂ ಹಾಗೇ ಮುರಿಯಬೇಕು. ಮ್ಯಾಕ್ರೊ ಒಳಗೆ ‘ಒಬೇಲೈನ್ಸ್’ ಹಾಕಿದೆ. ಊಹೂಂ, ಎಲ್ಲ ಸಾಲೂ ಒಂದಕ್ಕೊಂದು ಅಂಟಿಕೊಂಡೇ ಬಂತು. ಆರ್ಗ್ಯುಮೆಂಟನ್ನು ಓದಿಕೊಳ್ಳುವಾಗಲೇ ಟೆಕ್ ಪ್ರತಿ ಅಕ್ಷರಕ್ಕೂ ಜಾತಿ ಬರೆದುಬಿಡುತ್ತೆ. ಸಾಲಿನ ಕೊನೆ ಆಗಲೇ ಬರೀ ಖಾಲಿ ಜಾಗವಾಗಿದೆ. ಆಮೇಲೆ ಎಷ್ಟು ಗೋಗರೆದರೂ ಕೇಳದು.

ಉಪಾಯ: ಮ್ಯಾಕ್ರೊ ಎರಡು ಮಾಡು. ಮೊದಲನೆಯದು ಪಾಠವನ್ನು ಮುಟ್ಟಬಾರದು. ಗ್ರೂಪ್ ತೆರೆದು, ನಿಯಮ ಬದಲಿಸಿ, ಎರಡನೆಯದನ್ನು ಕರೆಯಬೇಕು. ಓದುವುದು ಎರಡನೆಯದು.

ಭಾನುವಾರ

ವೆಂಕಟರಮಣನ ಬೆಟ್ಟ ಹತ್ತಿದೆ. ಆಷಾಢ, ಕೆಳಗೆ ಜಾತ್ರೆಯ ಅಂಗಡಿಗಳು. ಮೆಟ್ಟಿಲು ಎಣಿಸಲು ಹೊರಟು ಎಲ್ಲೋ ತಪ್ಪಿದೆ. ವೆಂಕಟರಮಣನ ಮುಂದೆ ಕೈಮುಗಿದು ನಿಂತಾಗ ನೆನಪಾಯಿತು: ಗ್ರೂಪ್ ಮುಚ್ಚಿಲ್ಲ! ಮುನ್ನುಡಿಯಿಂದಾಚೆ ಇಡೀ ಪುಸ್ತಕ ಸಾಲುಸಾಲಾಗಿ ಮುರಿದಿರುತ್ತೆ. ತೀರ್ಥ ತಗೊಂಡವನೇ ಇಳಿದೆ. ಅಮ್ಮ, “ಪ್ರಸಾದ ಎಲ್ಲೋ?” ಅಂದರು. ಮರೆತಿದ್ದೆ.

ಜುಲೈ 16

ಕರಡು ನೋಡಿ ಮೇಷ್ಟ್ರು ಖುಷಿ. ಖುಷಿಯಲ್ಲೇ ಇನ್ನೊಂದು: ರೈಸ್ ಸಾಹೇಬರ 1902ರ ಹಾಸನ ಸಂಪುಟದ ಸಂಖ್ಯೆಯನ್ನೂ ಪ್ರತಿ ಶಾಸನಕ್ಕೆ ಸೇರಿಸಬೇಕಂತೆ. “ಕಷ್ಟವಾಗುತ್ತೇನೋ?” ಅಂತ ಕೇಳಿದರು. “ನೋಡ್ತೀನಿ ಸಾರ್” ಅಂದೆ. ಐದು ನಿಮಿಷದಲ್ಲಿ ಸೇರಿಸಿದೆ. ಏಳಾಯಿತು.

ಇನ್ನೂ ಎರಡು ಖಾಲಿ ಇವೆ. ಮೇಷ್ಟ್ರಿಗೆ ಹೇಳಿಲ್ಲ.