ಬೈಸಿಕೊಳ್ಳೋಕೆ ಒಬ್ಬ ಬೇಕು

2024ರ ಏಪ್ರಿಲ್. ಹೊಳಲ್ಕೆರೆ ಕಡೆ ತೋಟ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಹೊಡೆಸುತ್ತಿದ್ದ ಬರಗಾಲ ಅದು. ಬೋರಿನಲ್ಲಿ ಅಷ್ಟಿಷ್ಟು ನೀರು ಉಳಿದಿದ್ದ ಪುಣ್ಯವಂತರು ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾದು ಕೂರುತ್ತಿದ್ದರು. ಹಾಗೆ ನಮ್ಮ ಚಿಕ್ಕಪ್ಪನ ಅಡಿಕೆ ತೋಟದಲ್ಲಿ, ಮೋಟಾರು ಮನೆಯ ಮುಂದೆ ಕೂತಿದ್ದ ಒಂದು ರಾತ್ರಿಯ ಮಾತಿದು. ಸೊಳ್ಳೆ ಕಾಟಕ್ಕೆ ತೆಂಗಿನ ಸಿಪ್ಪೆ ಹೊತ್ತಿಸಿದ್ದರು. ಪಕ್ಕದ ತೋಟಗಳವರು ನಾಲ್ಕಾರು ಮಂದಿ ಸೇರಿದ್ದರು. ನಮ್ಮ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಮತದಾನ 26ಕ್ಕೆ. ಇನ್ನೊಂದು ವಾರವೂ ಇರಲಿಲ್ಲ.

ಅಷ್ಟರಲ್ಲಿ ನಮ್ಮ ದಾಯಾದಿ ಹುಡುಗನೊಬ್ಬ ಹೊಸದುರ್ಗದ ಸಭೆ ಮುಗಿಸಿಕೊಂಡು ಬೈಕಿನಲ್ಲಿ ಬಂದ. ಕೊರಳಲ್ಲಿ ಎರಡು ಶಾಲು, ಒಂದು ಜೆಡಿಎಸ್ ಹಸಿರು, ಒಂದು ಬಿಜೆಪಿ ಕೇಸರಿ. ಹಿರಿಯರೆಂದು ನಾವೆಲ್ಲ ಅಜ್ಜ ಎನ್ನುತ್ತಿದ್ದವರೊಬ್ಬರು ಅವನನ್ನು ಹತ್ತಿರ ಕರೆದು, ಹಸಿರು ಶಾಲಿನ ತುದಿ ಹಿಡಿದು ಬೆಂಕಿಯ ಬೆಳಕಿಗೆ ತಂದರು. ಅಂಚಿನಲ್ಲಿ ಬೀಡಿ ಕಿಡಿ ಬಿದ್ದು ಸುಟ್ಟ ತೂತು.

"ಇದು ಹೋದ ಲೋಕಸಭೆ ಎಲೆಕ್ಷನ್‌ದೇ ಅಲ್ವೇನ್ಲಾ? ಈ ತೂತು ನನ್ನ ಬೀಡಿದೇ. ಆವಾಗ ಇದರ ಜೊತೆ ಕಾಂಗ್ರೆಸ್ ಶಾಲು ಹಾಕ್ಕಂಡಿದ್ದೆ."

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ನಗದೆ ಏನು ಮಾಡಿಯಾನು? 2019ರಲ್ಲಿ ಜೆಡಿಎಸ್ಸಿನ ಕುಮಾರಸ್ವಾಮಿ ಕಾಂಗ್ರೆಸ್ ಜೊತೆ ಸೇರಿ ಸರ್ಕಾರ ನಡೆಸುತ್ತಿದ್ದರು. ಆಗ ಮೈತ್ರಿ ಅಭ್ಯರ್ಥಿ ಬಿ.ಎನ್. ಚಂದ್ರಪ್ಪನವರಿಗೆ ಓಟು ಕೇಳುತ್ತ ಇದೇ ಹುಡುಗ ಮನೆ ಮನೆ ಸುತ್ತಿದ್ದ. 2023ರಲ್ಲಿ ಜೆಡಿಎಸ್ ಬಿಜೆಪಿ ಕೈ ಹಿಡಿಯಿತು. ಕಾಂಗ್ರೆಸ್ಸಿನಿಂದ ಮತ್ತೆ ಅದೇ ಚಂದ್ರಪ್ಪ ನಿಂತರು. ಹುಡುಗ ಅವವೇ ಬಾಗಿಲುಗಳಿಗೆ ಹೋಗಿ ಅವರನ್ನು ಸೋಲಿಸಿ ಎನ್ನಬೇಕಾಯಿತು.

"ಮೇಲಿನೋರು ಒಂದಾದ್ರೆ ನಾವೇನ್ ಮಾಡಾನ ಅಜ್ಜ? ಪಂಚಾಯ್ತಿ ಎಲೆಕ್ಷನ್‌ನಾಗೆ ಹೊಡೆದಾಡಿದೋರ ಪಕ್ಕ ಕೂತು ಹಾರ ಹಾಕಿಸ್ಕಂಡು ಬಂದಿದೀನಿ."

ಪಕ್ಕದ ತೋಟದ ಕಾಂಗ್ರೆಸ್ಸಿನವರು ಜೋರಾಗಿ ನಗುತ್ತಿದ್ದರು. ಚಿಕ್ಕಪ್ಪ ಅವರ ಕಡೆ ತಿರುಗಿ, "ನೀವು ನಗಬ್ಯಾಡಿ, ಹಿರಿಯೂರು ನೋಡಿ" ಎಂದರು. ಮಾತು ಸುಳ್ಳಲ್ಲ. 2023ರ ಮೇನಲ್ಲಿ ಅಲ್ಲಿ ಕಾಂಗ್ರೆಸ್ಸಿನ ಡಿ. ಸುಧಾಕರ್ ಬಿಜೆಪಿಯ ಪೂರ್ಣಿಮಾ ಅವರನ್ನು ಸೋಲಿಸಿ ಮಂತ್ರಿಯಾದರು. ಅಕ್ಟೋಬರ್ ಹೊತ್ತಿಗೆ ಪೂರ್ಣಿಮಾ ಅವರೂ ಕಾಂಗ್ರೆಸ್ ಸೇರಿದರು. ಇಬ್ಬರ ಹಿಂದೆಯೂ ಓಡಾಡಿ ಪರಸ್ಪರ ಮಾತು ಬಿಟ್ಟಿದ್ದ ಕಾರ್ಯಕರ್ತರು ಒಂದೇ ಜೀಪು ಹತ್ತಬೇಕಾಯಿತು.

ಅಲ್ಲಿಂದ ಮಾತು 2008ರ ವಿಧಾನಸಭಾ ಚುನಾವಣೆಗೆ ಹೋಯಿತು. ಆ ವರ್ಷ ದೊಡ್ಡ ಪಕ್ಷಗಳ ಸಹವಾಸವೇ ಬೇಡವೆಂದು ಹೊಸದುರ್ಗದವರು ಗೂಳಿಹಟ್ಟಿ ಶೇಖರ್ ಅವರನ್ನೂ ಹಿರಿಯೂರಿನವರು ಸುಧಾಕರ್ ಅವರನ್ನೂ ಪಕ್ಷೇತರರಾಗಿ ಗೆಲ್ಲಿಸಿದರು. ಇದೇ ಲೋಕಸಭಾ ಕ್ಷೇತ್ರದ ಪಾವಗಡದಲ್ಲಿ ವೆಂಕಟರಮಣಪ್ಪನವರೂ ಹಾಗೇ ಗೆದ್ದರು. ಬಿಜೆಪಿಗೆ 110 ಸ್ಥಾನ, ಬಹುಮತಕ್ಕೆ ಮೂರು ಕಡಿಮೆ. ಮೂವರೂ ಯಡಿಯೂರಪ್ಪನವರಿಗೆ ಬೆಂಬಲ ಕೊಟ್ಟು ಮಂತ್ರಿಗಳಾದರು. 2010ರ ಅಕ್ಟೋಬರಿನಲ್ಲಿ ಬೆಂಬಲ ವಾಪಸ್ ಪಡೆದು ಸ್ಪೀಕರ್ ಅವರಿಂದ ಅನರ್ಹರೂ ಆದರು. ಮರುವರ್ಷ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು.

"ಯಾವ ಪಕ್ಷನೂ ಬ್ಯಾಡ ಅಂತ ಹಾಕಿದ ಓಟೂ ಕೊನೆಗೆ ಪಕ್ಷದ ಮನೆಗೇ ಹೋಯ್ತು" ಎಂದರು ಚಿಕ್ಕಪ್ಪ.

ಅಜ್ಜನಿಗೆ ಇದ್ಯಾವುದೂ ಹೊಸದಾಗಿ ಕಾಣಲಿಲ್ಲ. ಅವರು ಮೊದಲ ಸಲ ಓಟು ಹಾಕಿದ್ದೇ 1971ರಲ್ಲಿ. ಕಾಂಗ್ರೆಸ್ ಎರಡು ಹೋಳಾಗಿ ನಿಜಲಿಂಗಪ್ಪನವರು ಒಂದು ಕಡೆ, ಇಂದಿರಾ ಗಾಂಧಿ ಇನ್ನೊಂದು ಕಡೆ. ಜೀವನವಿಡೀ ಕಾಂಗ್ರೆಸ್ಸಿಗರಾಗಿದ್ದ ನಿಜಲಿಂಗಪ್ಪನವರ ಪಕ್ಷ ಜನಸಂಘ, ಸ್ವತಂತ್ರ ಪಕ್ಷ, ಸಂಯುಕ್ತ ಸಮಾಜವಾದಿಗಳ ಜೊತೆ ಕೂಟ ಕಟ್ಟಿತು. ಅವರು ಚಿತ್ರದುರ್ಗದಲ್ಲೇ ವಕೀಲಿಕೆ ಮಾಡಿದ, ರಾಜ್ಯ ಆಳಿದ ದೊಡ್ಡ ಮನುಷ್ಯ. ಆದರೂ ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಪಾಲಾದವು.

"ಹಸು ಕರುಗೆ ಒತ್ತಿ ಬಂದೆ. ನಮ್ಮಪ್ಪ ಎರಡು ದಿನ ಮಾತಾಡ್ಲಿಲ್ಲ. ಆದ್ರೆ ಅವನೂ ಸಾಚಾ ಅಲ್ಲ. 62ರಾಗೆ ಅದೇ ನಿಜಲಿಂಗಪ್ಪನೋರನ್ನ ಹೊಸದುರ್ಗದಾಗೆ ಸೋಲಿಸಿದೋರು ನಮ್ಮಪ್ಪನ ಕಾಲದೋರೇ. ಮುಖ್ಯಮಂತ್ರಿ ಆಗಬೇಕಾದೋರು, ಪಾಪ, ಬಾಗಲಕೋಟೆಗೆ ಹೋಗಿ ಗೆದ್ದು ಬರಬೇಕಾಯ್ತು."

"ಈಗ ಬಾಗಲಕೋಟೆಯೋರೇ ಇಲ್ಲಿಗೆ ಬಂದವ್ರೆ" ಎಂದು ಯಾರೋ ಸೇರಿಸಿದರು. ಬಿಜೆಪಿ ಟಿಕೆಟ್ ಮುಧೋಳದ ಗೋವಿಂದ ಕಾರಜೋಳರಿಗೆ ಸಿಕ್ಕಿತ್ತು. ಮಗನಿಗೆ ಸಿಗಲಿಲ್ಲವೆಂದು ಹೊಳಲ್ಕೆರೆಯ ಬಿಜೆಪಿ ಶಾಸಕ ಚಂದ್ರಪ್ಪ (ಇವರು ಬೇರೆ ಚಂದ್ರಪ್ಪ) ಸಿಡಿದೆದ್ದು, 'ಗೋ ಬ್ಯಾಕ್' ಕೂಗು ಎದ್ದು, ಆಮೇಲೆ ಎಲ್ಲ ತಣ್ಣಗಾಗಿತ್ತು. ಹೊರಗಿನವರು ಎಂಬ ಮಾತು ಬಂದದ್ದೇ ಅಜ್ಜ ಇಲ್ಲಿಂದ ಗೆದ್ದ ಸಂಸದರನ್ನು ಎಣಿಸುತ್ತ ಬೆರಳು ಮಡಚತೊಡಗಿದರು. "99ರಾಗೆ ಸಿನಿಮಾದ ಶಶಿಕುಮಾರ್. ಆಮ್ಯಾಲೆ ಜಡ್ಜಾಗಿದ್ದ ಹನುಮಂತಪ್ಪ. ಆಮ್ಯಾಲೆ ಅಮೆರಿಕದಾಗೆ ಎಂಜಿನಿಯರ್ ಆಗಿದ್ದ ಜನಾರ್ದನಸ್ವಾಮಿ. ಆಮ್ಯಾಲೆ ಕಾಂಗ್ರೆಸ್ಸಿನ ಚಂದ್ರಪ್ಪ. ಆಮ್ಯಾಲೆ ಆನೇಕಲ್ಲಿನ ನಾರಾಯಣಸ್ವಾಮಿ. ಒಬ್ರನ್ನೂ ಎರಡನೇ ಸಲ ಕೂರಿಸಿಲ್ಲ ನಾವು. ನಮ್ಮನ್ನ ಯಾಮಾರಿಸಾದು ಅಷ್ಟು ಸಸಾರ ಅಲ್ಲ!"

ಮಾತಿನಲ್ಲಿ ಗತ್ತಿತ್ತು. ನನಗೂ ಹೌದೆನಿಸಿತು. ರೊಟ್ಟಿ ಬುತ್ತಿ ತಂದು ಇಷ್ಟೂ ಹೊತ್ತು ಸುಮ್ಮನೆ ಕೂತಿದ್ದ ಚಿಕ್ಕಮ್ಮ ಆಗ ಬಾಯಿ ಬಿಟ್ಟರು.

"ಬಂದೋರು ಯಾವೂರೋರಾದ್ರೂ ಆಗ್ಲಿ ಮಾವ, ಭದ್ರಾ ನೀರು ಯಾವಾಗ ಬರ್ತೈತೆ ಅಂತ ಯಾರನ್ನ ಕೇಳಾದು?"

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಕೊಡುತ್ತೇವೆಂದು ಕೇಂದ್ರ ಬಜೆಟ್‌ನಲ್ಲಿ ಓದಿದ್ದು 2023ರ ಫೆಬ್ರವರಿ 1ರಂದು. ಆ ರಾತ್ರಿಯವರೆಗೆ ದುಡ್ಡು ಬಂದಿರಲಿಲ್ಲ. ಕೇಂದ್ರ ಕೊಟ್ಟಿಲ್ಲ ಎನ್ನುವವರು ಒಬ್ಬರು, ರಾಜ್ಯದ್ದೇ ತಪ್ಪು ಎನ್ನುವವರು ಇನ್ನೊಬ್ಬರು. ಶಾಲಿನ ಹುಡುಗ, ಹೊಸಬರು ಬಂದು ತರ್ತಾರೆ ಎಂದ. ಚಿಕ್ಕಮ್ಮ ಬಿಡಲಿಲ್ಲ. "ಹೊಸಬರು ಬಂದು ಅದು ನಮ್ಮ ಕಾಲದ್ದಲ್ಲ ಅಂತಾರೆ. ಐದು ವರ್ಷಕ್ಕೆ ಅವರನ್ನೂ ಕಳಿಸ್ತೀರಿ. ಪಕ್ಷದೋರಿಗೂ ಅದೇ ಬೇಕಾಗಿರಾದು. ಬೈಸ್ಕಳಾಕೆ ಒಬ್ರಾದ್ರೂ ಇಲ್ಲಿ ಉಳೀಬೇಕಲ್ಲ?"

ಅಜ್ಜ ಉತ್ತರ ಕೊಡುವ ಮೊದಲೇ ಕರೆಂಟ್ ಬಂತು. ಎಲ್ಲರೂ ಅವರವರ ಮೋಟಾರಿಗೆ ಓಡಿದರು.

ಅಷ್ಟೆಲ್ಲ ಬೈದವರು 26ರ ಬೆಳಿಗ್ಗೆ ಬಿಸಿಲೇರುವ ಮೊದಲೇ ಶಾಲೆಯ ಮುಂದೆ ಸಾಲಾಗಿ ನಿಂತಿದ್ದರು. ಚಿತ್ರದುರ್ಗದಲ್ಲಿ ಮತದಾನ ಶೇ. 70 ದಾಟಿತು, ಅದೇ ದಿನ ಬೆಂಗಳೂರು ನಗರದ ಮೂರು ಕ್ಷೇತ್ರಗಳು ಶೇ. 55 ಮುಟ್ಟಲಿಲ್ಲ. ಜೂನ್ 4ಕ್ಕೆ ಕಾರಜೋಳರು ಗೆದ್ದರು. ದೆಹಲಿಯಲ್ಲಿ ಬಿಜೆಪಿ 240ಕ್ಕೆ ನಿಂತು ಮಿತ್ರಪಕ್ಷಗಳನ್ನು ನೆಚ್ಚಿಕೊಂಡಿತು, ಕುಮಾರಸ್ವಾಮಿ ಕೇಂದ್ರ ಮಂತ್ರಿಯಾದರು. ಅಜ್ಜನ ಎಣಿಕೆಗೆ ಆರನೆಯ ಬೆರಳು ಸೇರಿತು.

ಅಪನಂಬಿಕೆ ಎಂದರೆ ಓಟು ಹಾಕದೆ ಮನೆಯಲ್ಲಿ ಕೂರುವುದು ಎಂದುಕೊಂಡಿದ್ದೆ. ನಮ್ಮ ಕಡೆ ಅದು ಸಾಲಿನಲ್ಲಿ ನಿಂತು ಮುಖ ಬದಲಿಸುತ್ತದೆ. ಅಜ್ಜನಿಗೆ ಅದು ಹೆಮ್ಮೆಯ ಲೆಕ್ಕ. ತೋಟಕ್ಕೆ ನೀರು ಹಾಯಿಸುವ ಚಿಕ್ಕಮ್ಮನಿಗೆ ಆ ಲೆಕ್ಕದಲ್ಲಿ ಉತ್ತರ ಹೇಳುವವರೇ ಸಿಕ್ಕಿಲ್ಲ.