ಹೆಸರಿಲ್ಲದ ಹರಿಗೋಲು

ಲೋಕದಲ್ಲಿ ಕೆಲವು ವಸ್ತುಗಳು ಹೆಸರಿನಿಂದ ಬಾಳುವುವು. ಕೆಲವು ಬಳಕೆಯಿಂದ ಬಾಳುವುವು. ಮೊದಲನೆಯ ಬಗೆಗೆ ‘ಅಮೆರಿಕ’ ಎಂಬ ಪಂದ್ಯದ ಹಾಯಿನೌಕೆಯೇ ನಿದರ್ಶನ. ನ್ಯೂಯಾರ್ಕಿನಲ್ಲಿ ಮರದಿಂದ ಕಟ್ಟಿದ ಈ ನೌಕೆಯು 1851ನೆಯ ಇಸವಿ ಆಗಸ್ಟ್ 22ರಂದು ಇಂಗ್ಲೆಂಡಿನ ವೈಟ್ ದ್ವೀಪವನ್ನು ಸುತ್ತುವ ಪಂದ್ಯದಲ್ಲಿ ಬೆಳ್ಳಿಯ ಹೂಜಿಯೊಂದನ್ನು ಗೆದ್ದಿತು. ಆ ಹೂಜಿಗಾಗಿ ಇಂದಿಗೂ ದೇಶದೇಶದವರು ಸೆಣಸುತ್ತಿರುವರು. ಆದರೆ ನೌಕೆಯ ಗತಿ ಏನಾಯಿತು? ಮುದಿಯಾದ ಅದನ್ನು ಅನ್ನಾಪೊಲಿಸ್ ಪಟ್ಟಣದ ಕೊಟ್ಟಿಗೆಯೊಂದರಲ್ಲಿ ಜೋಪಾನವಾಗಿ ಇರಿಸಿದ್ದರು. 1942ರಲ್ಲಿ ಹಿಮದ ಭಾರಕ್ಕೆ ಮಾಡು ಕುಸಿದು ಅದರ ಮೇಲೆಯೇ ಬಿದ್ದಿತು; ಅಳಿದುಳಿದುದನ್ನು 1945ರಲ್ಲಿ ಒಡೆದುಹಾಕಿದರು.

ಎರಡನೆಯ ಬಗೆಯ ನಿದರ್ಶನಕ್ಕಾಗಿ ದೂರ ಹೋಗಬೇಕಾದುದಿಲ್ಲ. ಕೂಡ್ಲಿಗಿ, ಕೊಟ್ಟೂರುಗಳದು ಒಣನೆಲವಾದರೂ ಹಡಗಲಿ, ಹರಪನಹಳ್ಳಿ ಸೀಮೆಯ ಅಂಚಿನಲ್ಲಿ ತುಂಗಭದ್ರೆಯು ಹರಿಯುವಳು. ಅಲ್ಲಿಯ ವಾಹನವು ಹರಿಗೋಲು. ಬಿದಿರ ಸೀಳುಗಳಿಂದ ಅಗಲವಾದ ಬುಟ್ಟಿಯನ್ನು ಹೆಣೆದು, ಹೊರಮೈಗೆ ತೊಗಲು ಹೊದಿಸಿದರೆ ಅದು ಸಿದ್ಧವಾಯಿತು. ಅದಕ್ಕೆ ಮುಂದಲೆಯಿಲ್ಲ, ಹಿಂದಲೆಯಿಲ್ಲ. ಹಾಯಿಯಿಲ್ಲ, ಹೆಸರೂ ಇಲ್ಲ. ಬುಡ ಚಪ್ಪಟೆಯಾದುದರಿಂದ ತೆಳುನೀರಿನಲ್ಲಿಯೂ ತೇಲುವುದು. ಬಂಡೆಗೆ ತಗುಲಿದರೆ ಬಿರಿಯದೆ ಬಳುಕಿ ಜಾರುವುದು. ಅಂಬಿಗನು ಹೊಳೆಯೊಡನೆ ಹೋರಾಡುವವನಲ್ಲ. ಸೆಳವನ್ನು ಅಳೆದು ರೇವಿಗಿಂತ ಮೇಲಿನಿಂದ ಬಿಟ್ಟು, ಒಂದೇ ಹುಟ್ಟಿನಿಂದ ಓರೆಯಾಗಿ ಆಚೆಯ ದಡ ಮುಟ್ಟಿಸುವನು.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸನು ಇವನ್ನೇ ವರ್ಣಿಸಿರುವನು: ಬುಟ್ಟಿಯಂತೆ ದುಂಡಾದುವು, ಚರ್ಮ ಹೊದೆದುವು, ಹದಿನೈದಿಪ್ಪತ್ತು ಜನರನ್ನು ಹೊರುವುವು, ಸದಾ ಗಿರ್ರನೆ ಸುತ್ತುವುವು. ಐದು ಶತಮಾನಗಳಾದರೂ ಆಕಾರ ಬದಲಾಗಲಿಲ್ಲ. ಸೋಜಿಗವೆಂದರೆ, ಹಳೆಯ ಹರಿಗೋಲೆಂಬುದು ಎಲ್ಲಿಯೂ ಇಲ್ಲ! ತೊಗಲು ಕೊಳೆಯುವುದು, ಬಿದಿರು ಮುರಿಯುವುದು. ಕೆಲವು ವರ್ಷಗಳಿಗೊಮ್ಮೆ ಹೊಸತನ್ನು ಹೆಣೆಯಲೇಬೇಕು. ಅಳಿಯುವುದು ಬುಟ್ಟಿ, ಉಳಿಯುವುದು ಹೆಣೆಯುವ ಕೈ. ಇದೇ ಹೊಳೆಯ ಆಚೆಯ ದಂಡೆಯಲ್ಲಿ ಚೌಡಯ್ಯದಾನಪುರವು ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತು ನಿಂತಿರುವುದು. ಆತನು ಏರಿದ ದೋಣಿಯನ್ನು ಯಾರೂ ಕಾಪಾಡಿಡಲಿಲ್ಲ, ಆದರೆ ಆತನ ಕಸುಬು ನಿಲ್ಲಲಿಲ್ಲ.

ಈಗ ಕಾಲ ಬೇರೆಯಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ನಿಂತಿತು. ಹಗರಿಬೊಮ್ಮನಹಳ್ಳಿಯ ಕಡೆಯ ಹಿನ್ನೀರಿನಲ್ಲಿ ಹರಿಗೋಲು ಮೀನುಗಾರರಿಗೆ ಜೊತೆಯಾಯಿತು. ತೊಗಲಿನ ಎಡೆಗೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದುವು. ಬಿದಿರಿನ ಎಡೆಗೆ ಫೈಬರ್ ಬರುತ್ತಿದೆ. ಹೊಳೆಗೆ ಸೇತುವೆಗಳಾದುವು. ಇದಕ್ಕಾಗಿ ಮರುಗುವುದು ಸಲ್ಲ. ತುಂಬುಹೊಳೆಯ ದಿನ ಬಸುರಿಯೊಬ್ಬಳು ಅಂಬಿಗನ ದಾರಿ ಕಾಯದಿದ್ದರೆ ಅದು ಸಂತೋಷದ ಮಾತೇ ಸರಿ.

ಆದರೂ ಒಂದು ಚಿಂತೆಯುಂಟು. ‘ಅಮೆರಿಕ’ದ ಪ್ರತಿರೂಪವನ್ನು 1967ರಲ್ಲಿ ಮತ್ತೆ ಕಟ್ಟಿದರು. ಹರಿಗೋಲಿನ ನಕ್ಷೆಯಿರುವುದು ಕಾಗದದಲ್ಲಲ್ಲ, ಹೆಣೆಯುವವನ ಬೆರಳುಗಳಲ್ಲಿ. ಅದನ್ನು ಯಾವ ಕೊಟ್ಟಿಗೆಯಲ್ಲಿಟ್ಟು ಕಾಯಬೇಕು? ದಂಡೆಯ ಮುದುಕರು ಇನ್ನೂ ಹೆಣೆಯುತ್ತಿರುವಾಗಲೇ ಹುಡುಗರು ಒಂದು ಬೇಸಗೆ ಅವರ ಬಳಿ ಕುಳಿತು ಕಲಿಯುವುದು ಲೇಸು.